ಬೋರಲು ಇಟ್ಟ ದಬರಿಗಳು

ಸಮುದಾಯ ಭವನ ಎಂದರೆ ಸರ್ಕಾರ ಕಟ್ಟಿಸಿ, ಉದ್ಘಾಟನೆಯ ಕಲ್ಲು ಕೂರಿಸಿ, ಮರೆತುಬಿಡುವ ಕಟ್ಟಡ. ಆಮೇಲೆ ಅದನ್ನು ಗುಡಿಸಿ, ಬೀಗ ಹಾಕಿ, ಬದುಕಿಸಿಕೊಂಡು ಹೋಗುವುದು ಊರಿನ ಯಾರೋ ಒಬ್ಬರ ತಲೆಗೆ ಬರುತ್ತದೆ. ಸಂಬಳವಿಲ್ಲ, ಬೈಗುಳ ಮಾತ್ರ ತಪ್ಪದೆ ಸಿಗುತ್ತದೆ. ಅಂಥವರಿಗೆ ನೆರವಾಗುವುದು ನನ್ನ ಕೆಲಸವಾಗಿತ್ತು. ಒಂದು ಸಣ್ಣ ಸಂಸ್ಥೆಯ ಪರವಾಗಿ ದೇವನಹಳ್ಳಿ ತಾಲ್ಲೂಕಿನ ಹಳ್ಳಿಗಳಿಗೆ ಸ್ಕೂಟರಿನಲ್ಲಿ ಹೋಗಿ, ಸೋರುವ ಸೂರಿಗೆ ಅರ್ಜಿ ಬರೆದುಕೊಡುತ್ತಿದ್ದೆ, ಕೆಟ್ಟ ಮೋಟಾರಿಗೆ ಮೆಕ್ಯಾನಿಕ್ ಹುಡುಕುತ್ತಿದ್ದೆ, ಯಾರೂ ಕೇಳದಿದ್ದರೂ ಬುದ್ಧಿ ಹೇಳುತ್ತಿದ್ದೆ. ಈ ಕೊನೆಯದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಬೂದಿಗೆರೆ ಕಡೆಯ ಒಂದು ಊರಿನ ಭವನವನ್ನು ನೋಡಿಕೊಳ್ಳುತ್ತಿದ್ದವಳು ಐವತ್ತು ದಾಟಿದ ವಿಧವೆ. ನಾನು ಅಕ್ಕ ಎನ್ನುತ್ತಿದ್ದೆ. ಗಂಡ ಹೋದ ಮೇಲೆ ಮದುವೆಗಳಲ್ಲಿ ಗೋಡೆ ಪಕ್ಕ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಬೇರೆ ಯಾರೂ ಒಪ್ಪದೆ ಭವನದ ಬೀಗದ ಕೈ ಅವಳಿಗೆ ಬಂದ ಮೇಲೆ, ಯಾರ ಮನೆಯ ಮದುವೆಯಾದರೂ ಮೊದಲು ಅವಳ ಬಾಗಿಲಿಗೇ ಬರಬೇಕಾಯಿತು. ಆ ಬೀಗದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

“ಊರಲ್ಲಿ ನಂಗಿರೋ ಮರ್ಯಾದೆ ಇದೊಂದೇ ಕಣಮ್ಮ,” ಎಂದು ಒಮ್ಮೆ ನಗುತ್ತಾ ಹೇಳಿದ್ದಳು. ನಾನೂ ನಕ್ಕಿದ್ದೆ.

ಭವನದ ಹಿಂದಿನ ಕೋಣೆಯಲ್ಲಿ ಅಡುಗೆಯ ಪಾತ್ರೆಗಳಿದ್ದವು. ಅನ್ನಕ್ಕೆ, ಸಾರಿಗೆ ದೊಡ್ಡ ದೊಡ್ಡ ದಬರಿಗಳು, ಎಲ್ಲವೂ ಒಂದೇ ಅಂಗಡಿಯವು, ಒಂದೇ ಅಳತೆ. ನೆಲದ ಮೇಲೆ ಒಂದಷ್ಟು ಬೋರಲು ಬಿದ್ದಿದ್ದವು, ಒಂದಷ್ಟು ಅಂಗಾತ. ಅಂಗಾತ ಇದ್ದವುಗಳ ಒಳಗೆ ಧೂಳು, ಹಲ್ಲಿಯ ಹಿಕ್ಕೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸಂಸ್ಥೆಯಿಂದ ಒಂದು ಕಬ್ಬಿಣದ ಸ್ಟ್ಯಾಂಡ್ ಮಂಜೂರು ಮಾಡಿಸಿದೆ. ಅದನ್ನು ಕೂರಿಸಲು ಊರಿನ ವೆಲ್ಡಿಂಗ್ ಕೆಲಸದವನು ಬಂದ ದಿನ ಅಕ್ಕ ಕಣ್ಣು ತೋರಿಸಲು ಹೊಸಕೋಟೆಗೆ ಹೋಗಬೇಕಿತ್ತು. ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಹೋದಳು.

ಸ್ಟ್ಯಾಂಡ್ ಕೂತಿತು. ನಾನು ಸುಮ್ಮನಿರಬೇಕಿತ್ತು. ಸೀರೆ ಎತ್ತಿ ಕಟ್ಟಿ, ಅಷ್ಟೂ ದಬರಿಗಳನ್ನು ತಿಕ್ಕಿ ತೊಳೆದು, ಸ್ಟ್ಯಾಂಡಿನ ಮೇಲೆ ಸಾಲಾಗಿ ಬೋರಲು ಹಾಕಿದೆ. ಫೋಟೋ ತೆಗೆದು ಆಫೀಸಿನ ಗುಂಪಿಗೆ ಕಳಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು.

ಮಧ್ಯಾಹ್ನದ ಬಸ್ಸಿಗೆ ಬಂದ ಅಕ್ಕ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ಏನಮ್ಮ ಮಾಡ್ಬಿಟ್ಟೆ? ಬೋರಲು ಇದ್ದಿದ್ದು ತಿಥಿವು. ಅಂಗಾತ ಇದ್ದಿದ್ದು ಮದ್ವೆವು. ಯಾವ್ದು ಯಾವ್ದು ಅಂತ ಈಗ ಹೆಂಗೆ ಹೇಳ್ಲಿ?”

ಸಾವಿನ ಮನೆಯ ಅಡುಗೆ ಬೆಂದ ಪಾತ್ರೆಯಲ್ಲಿ ಮದುವೆಯ ಅನ್ನ ಬೇಯಬಾರದು ಎಂಬುದು ಆ ಊರಿನ ಕಟ್ಟು. ಗುರುತಿಗೆ ಬಣ್ಣವಿಲ್ಲ, ಹೆಸರಿಲ್ಲ. ಇಡುವ ರೀತಿಯೇ ಗುರುತು. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಎಲ್ಲಾ ಸೋಪು ಹಾಕಿ ತೊಳೆದಿದೀನಲ್ಲ ಅಕ್ಕ,” ಎಂದೆ. ಎಂಥ ಮಾತು! ಅವಳು ಒಂದೊಂದನ್ನೇ ಇಳಿಸಿ, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು, ತಳವನ್ನು ಸವರಿ ನೋಡಿ, ಎರಡು ಪಾಲು ಮಾಡತೊಡಗಿದಳು. ನನಗೆ ಇನ್ನೊಂದು ಊರಿಗೆ ಹೊತ್ತಾಗುತ್ತಿತ್ತು, ಹೊರಟೆ.

ಮುಂದಿನ ವಾರ ಭವನದಲ್ಲಿ ಒಂದು ಮದುವೆ. ನನಗೂ ಕರೆ ಇತ್ತು. ಮೊದಲ ಪಂಕ್ತಿಗೆ ಎಲೆ ಹಾಕಿದ್ದರು. ಅಡುಗೆ ನೋಡಲು ಒಳಗೆ ಹೋದ ಹೆಣ್ಣಿನ ಅಜ್ಜಿ ಅನ್ನದ ದಬರಿಯ ಕಂಠದಲ್ಲಿದ್ದ ನೆಗ್ಗನ್ನು ಮುಟ್ಟಿ ನೋಡಿ ಕಿರುಚಿಕೊಂಡಳು. “ನಮ್ಮೆಜಮಾನ್ರ ತಿಥಿಗೆ ಸಾರು ಮಾಡಿದ್ದು ಇದ್ರಲ್ಲೇ!” ಆ ಅನ್ನವನ್ನೆಲ್ಲ ಗುಂಡಿಗೆ ಸುರಿದರು. ಹೋಟೆಲಿನಿಂದ ಊಟ ತರಿಸಿದರು. ಗಂಡಿನ ಕಡೆಯವರು ಮುಖ ಊದಿಸಿಕೊಂಡೇ ಹೋದರು. ಅಷ್ಟಕ್ಕೇ ಮುಗಿದಿದ್ದರೆ ಊರು ಮರೆಯುತ್ತಿತ್ತೇನೋ. ನಾಲ್ಕು ತಿಂಗಳಿಗೆ ಆ ಮದುವೆಯ ಹುಡುಗ ಬೈಕಿನಲ್ಲಿ ಬರುವಾಗ ಟಿಪ್ಪರ್ ಲಾರಿಗೆ ಸಿಕ್ಕಿ ಸತ್ತ. ಹುಡುಗಿ ತವರಿಗೆ ವಾಪಸ್ ಬಂದಳು.

ಭವನದಲ್ಲೇ ಪಂಚಾಯ್ತಿ ಸೇರಿತು. ನಾನು ಬರೆದ ಅರ್ಜಿಗೆ ಆಗಷ್ಟೇ ಸೂರಿನ ಕೆಲಸ ಶುರುವಾಗಿತ್ತು. ಹಳೆಯ ಶೀಟುಗಳನ್ನು ಅರ್ಧ ಕಿತ್ತಿದ್ದರು, ಬಿಸಿಲು ನೇರವಾಗಿ ತಲೆಯ ಮೇಲೆ ಬೀಳುತ್ತಿತ್ತು. ಹೆಂಗಸರಲ್ಲಿ ನನಗೊಬ್ಬಳಿಗೇ ಕುರ್ಚಿ. ಅಕ್ಕ ನೆಲದ ಮೇಲೆ ಕೂತಿದ್ದಳು.

“ಮುಂಡೆ ಕೈಗೆ ಬೀಗದ ಕೈ ಕೊಟ್ಟಿದ್ದೇ ತಪ್ಪು,” ಎಂದು ಹಿಂದಿನಿಂದ ಯಾರೋ ಕೂಗಿದರು.

ಊರಿನ ಯಜಮಾನರು ಕೈ ಎತ್ತಿ ಸುಮ್ಮನಾಗಿಸಿ, “ಪಾತ್ರೆ ಬೆರೆಸಿದ್ದು ಯಾರು?” ಎಂದು ಕೇಳಿದರು.

ನಾನು ಬಾಯಿ ತೆರೆಯಬೇಕಿತ್ತು. ಅಕ್ಕ ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದಳು. ನಾನು ಚಪ್ಪಲಿ ನೋಡಿಕೊಂಡೆ.

“ನಾನೇ,” ಎಂದಳು ಅಕ್ಕ. “ಕಣ್ಣು ಸರಿಗೆ ಕಾಣ್ತಿರ್ಲಿಲ್ಲ. ತಪ್ಪಾಯ್ತು.” ಸೊಂಟದಿಂದ ಬೀಗದ ಕೈ ತೆಗೆದು ಯಜಮಾನರ ಕಾಲ ಬಳಿ ಇಟ್ಟಳು. ಹುಡುಗಿಯ ತಾಯಿ ಎದ್ದು ಬಂದು ಅವಳ ಮುಖಕ್ಕೆ ಉಗಿದಳು. ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ.

ಹೊರಗೆ ಬಂದು ಅವಳ ಕೈ ಹಿಡಿದುಕೊಂಡೆ. ಕೊಡವಿಕೊಂಡಳು.

“ನಿನ್ನ ಬೈದಾಡಿದ್ರೆ ನೀನು ತಿರ್ಗಾ ಈ ಊರಿಗೆ ತಲೆ ಹಾಕ್ತಿದ್ಯಾ? ಸೂರು ಅರ್ಧ ಕಿತ್ತು ಕುಂತೈತೆ. ಮೊದ್ಲು ಅದು ಮುಗ್ಸು, ಹೋಗು.”

ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ನೆಮ್ಮದಿ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಸೂರು ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಸೂರು ಮುಗಿಯಿತು. ಹೇಳಲಿಲ್ಲ.

ಆ ಬೀಗದ ಕೈಯನ್ನು ಯಾರೂ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಮದುವೆಗಳು ಹೈವೇ ಬದಿಯ ಛತ್ರಗಳಿಗೆ ಹೋದವು. ಅಕ್ಕನ ಮನೆಗೆ ಯಾರೂ ಕರೆಯಲು ಬರುತ್ತಿರಲಿಲ್ಲ. ಬಾವಿಯ ಕಡೆ ಹೊರಟರೆ ಎದುರಿಗೆ ಬಂದವರು ನಿಂತು, ಅವಳು ದಾಟಿದ ಮೇಲೆ ಹೆಜ್ಜೆ ಇಡುತ್ತಿದ್ದರು. ಆಮೇಲೆ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಕಣ್ಣಿನ ಆಪರೇಷನ್‌ಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, “ಯಾರ್ ಮುಖ ನೋಡಕ್ಕಮ್ಮ?” ಎಂದಳು. ಮುಂದಿನ ವರ್ಷ ಸತ್ತಳು.

ತಿಥಿಗೆ ಭವನ ಕೊಟ್ಟರು. ತಿಥಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಅದು ಆಗ ಬಳಕೆಯಾಗುತ್ತಿರಲಿಲ್ಲ. ಹಿಂದಿನ ಕೋಣೆಗೆ ಇಣುಕಿದೆ. ಅಡುಗೆಗೆ ತೆಗೆಯದೆ ಉಳಿದ ದಬರಿಗಳೆಲ್ಲ ಸ್ಟ್ಯಾಂಡಿನ ಮೇಲೆ ಬೋರಲು ಇದ್ದವು, ನಾನು ಇಟ್ಟ ಹಾಗೆಯೇ. ಹೊಸ ಸೂರಿನ ಕೆಳಗೆ ಯಜಮಾನರು ಒಬ್ಬರೇ ನಿಂತಿದ್ದರು. ಹೋಗಿ ಹೇಳಿದೆ. ಪಾತ್ರೆ ಬೆರೆಸಿದ್ದು ಅಕ್ಕ ಅಲ್ಲ, ನಾನು.

ಅವರು ನನ್ನ ಮುಖವನ್ನೂ ನೋಡಲಿಲ್ಲ.

“ಗೊತ್ತು ಬಿಡಿ ಮೇಡಂ. ಅವತ್ತೇ ಗೊತ್ತಿತ್ತು. ವೆಲ್ಡಿಂಗ್‌ನೋನು ಎಲ್ರಿಗೂ ಹೇಳಿದ್ದ.”

“ಮತ್ತೆ ಅವಳನ್ನ ಯಾಕೆ...”

“ನಿಮ್ಮನ್ನ ಕೇಳಕ್ಕಾಯ್ತದಾ? ನೀವು ಹೊರಗ್ನೋರು. ಸೂರು ಬೇರೆ ನೀವೇ ಹಾಕಿಸ್ಬೇಕಿತ್ತು. ಆ ಹುಡುಗಿ ಮನೆಯೋರ್ಗೆ ಯಾರಾದ್ರೂ ಒಬ್ಬರು ಬೇಕಿತ್ತು.” ಅವರು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಎಲೆ ಹಾಕವ್ರೆ. ನಡೀರಿ, ಊಟ ಮಾಡಿ.”

ಪಂಕ್ತಿಯಲ್ಲಿ ಜಾಗ ಬಿಟ್ಟುಕೊಟ್ಟರು. ಹೋಗಿ ಕೂತೆ. ಸಾರು ಬಂತು. ಉಂಡೆ. ಎರಡನೇ ಸಲ ಬಡಿಸಲು ಬಂದಾಗಲೂ ಬೇಡ ಎನ್ನಲಿಲ್ಲ.