ಗುಂಡಿಯಿಲ್ಲದ ಕಾಜ

ದಸ್ತಗೀರ್ ಸಾಬರು ದಿನವೂ ಬೆಳಗ್ಗೆ ಒಂದು ಕಾಜ ಹಾಕುತ್ತಿದ್ದರು. ಆ ಕಾಜಕ್ಕೆ ಗುಂಡಿಯೂ ಇರಲಿಲ್ಲ, ಅಂಗಿಯೂ ಇರಲಿಲ್ಲ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಟೈಲರ್ ಅಂಗಡಿ. ಎಂಟೂವರೆಗೆ ಬಾಗಿಲು ತೆರೆದವರು ಹೊಲಿಗೆ ಮಿಷನ್ನಿನ ಮುಸುಕು ತೆಗೆಯುವ ಮೊದಲು ಚಿಂದಿಯ ಬುಟ್ಟಿಗೆ ಕೈ ಹಾಕಿ, ಅಂಗೈಯಗಲದ ಒಂದು ತುಂಡು ಆರಿಸುತ್ತಿದ್ದರು. ಅದನ್ನು ಮಡಿಸಿ, ಕತ್ತರಿಯ ತುದಿಯಿಂದ ಸೀಳು ಕೊಟ್ಟು, ಅಂಚಿನ ಸುತ್ತ ಒತ್ತೊತ್ತಾಗಿ ಕೈಹೊಲಿಗೆ ಹಾಕುತ್ತಿದ್ದರು. ಮುಗಿದ ಮೇಲೆ ಬಾಗಿಲಿಗೆ ಬಂದು ಬೆಳಕಿಗೆ ಹಿಡಿದು, ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಕೋಟಿನ ಗುಂಡಿಯೊಂದನ್ನು ಅದರಲ್ಲಿ ತೂರಿಸಿ ತೆಗೆದು, ತುಂಡನ್ನು ಬಿಸ್ಕತ್ ಡಬ್ಬಿಗೆ ಹಾಕಿದರೆ ಪೂಜೆ ಮುಗಿದಂತೆ. ಅಲ್ಲಿಯವರೆಗೆ ಯಾರೂ ಮಾತಾಡುವಂತಿರಲಿಲ್ಲ. ಮದುವೆಯ ಕೋಟು ಹೊಲಿಸಲು ಬಂದ ಮದುಮಗನೂ ಹೊರಗೆ ನಿಲ್ಲಬೇಕು.

ಇದನ್ನೆಲ್ಲ ನಾನು ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆನೆಂದರೆ ಅದಕ್ಕೆ ನನ್ನ ಸೋಮಾರಿತನವೇ ಕಾರಣ. ಶಿರಸ್ತೇದಾರನಾಗಿ ನಿವೃತ್ತನಾದ ದಿನ ನಾನು ದಿನವೂ ಕೆರೆ ಏರಿಯ ಮೇಲೆ ನಡೆಯುವುದೆಂದು ತೀರ್ಮಾನಿಸಿ, ಬೂಟು ಖರೀದಿಸಿ, ಸದರಿ ವಿಷಯವನ್ನು ಮನೆಯವರ ಗಮನಕ್ಕೂ ತಂದಿದ್ದೆ. ಮೂರು ದಿನ ನಡೆದೆ. ನಾಲ್ಕನೆಯ ದಿನ ಸಾಬರ ಅಂಗಡಿಯ ಬೆಂಚು ದಾರಿಯಲ್ಲಿ ಅಡ್ಡ ಬಂತು. ಕುಳಿತೆ. ಅಂದಿನಿಂದ ಒಂದು ದಿನವೂ ತಪ್ಪಿಸದೆ ಕುಳಿತಿದ್ದೇನೆ.

ಪ್ರತಿ ಯುಗಾದಿಗೂ ನಾನು ನಡಿಗೆಯನ್ನು ಹೊಸದಾಗಿ ಶುರು ಮಾಡುವುದನ್ನು ಸಾಬರು ನೋಡುತ್ತಿದ್ದರು. ಒಮ್ಮೆ ಸೂಜಿಗೆ ದಾರ ಪೋಣಿಸುತ್ತ ಅಂದರು: "ಶಿರಸ್ತೇದಾರ್ರೆ, ನಿಮ್ದು ಅಭ್ಯಾಸ ಅಲ್ರೀ, ಅರ್ಜಿ. ವರ್ಷಾ ವರ್ಷಾ ಹೊಸದಾಗಿ ಬರದು ನಿಮಗ ನೀವೇ ಕೊಡ್ತೀರಿ, ನೀವೇ ವಜಾ ಮಾಡ್ತೀರಿ."

ಹೀಗಿರಲು ಸಾಬರ ಅಂಗಡಿಯ ಮೇಲಿನ ಅಟ್ಟಕ್ಕೆ ಒಂದು ಕಂಪನಿ ಬಂತು. ಅದರ ಒಡತಿ ಮೇಘನಾ, ಸೊರಬ ತಾಲ್ಲೂಕಿನ ಜಡೆಯವಳು. ಕಂಪ್ಯೂಟರ್ ಓದಿದ್ದಳು, ಮಾತಿನಲ್ಲಿ ಚುರುಕು. ಜನರಿಗೆ ಒಳ್ಳೆಯ ಅಭ್ಯಾಸ ಕಲಿಸುವ ಆ್ಯಪ್ ಮಾಡಿ ಅದಕ್ಕೆ 'ಇವತ್ತೂ' ಎಂದು ಹೆಸರಿಟ್ಟಿದ್ದಳು. ಬೆಳಗ್ಗೆ ಬೇಗ ಎದ್ದಿರಾ, ನಡೆದಿರಾ, ನೀರು ಕುಡಿದಿರಾ ಎಂದು ಅದು ಕೇಳುತ್ತದೆ. ಹೌದೆಂದು ಒತ್ತಿದರೆ ಒಂದು ನಕ್ಷತ್ರ. ಹತ್ತು ನಕ್ಷತ್ರಕ್ಕೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಪುಕ್ಕಟೆ. ದೋಸೆಯ ಬಿಲ್ಲು ಕಂಪನಿಯದು.

ಶಿಕಾರಿಪುರದ ಜನರ ನಡತೆಯಲ್ಲಿ ಆ ವರ್ಷ ಆದಂಥ ಸುಧಾರಣೆ ಶರಣರ ಕಾಲದಲ್ಲೂ ಆಗಿರಲಿಕ್ಕಿಲ್ಲ. ಆ್ಯಪ್‌ನ ಪ್ರಕಾರ ಊರಿಗೆ ಊರೇ ಐದಕ್ಕೆ ಏಳುತ್ತಿತ್ತು, ಕೆರೆ ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ವಾಸ್ತವದಲ್ಲಿ ಏರಿಯ ಮೇಲೆ ಎರಡು ಎಮ್ಮೆಗಳಿದ್ದವು. ಹೋಟೆಲಿನಲ್ಲಿ ಮಾತ್ರ ಜಾಗವಿರಲಿಲ್ಲ. ನಾನೂ ಬೆಂಚಿನ ಮೇಲೆ ಕುಳಿತೇ ಅರವತ್ತು ದಿನ ನಡೆದೆನೆಂದು ದೃಢೀಕರಿಸಿ, ಒಟ್ಟು ಆರು ದೋಸೆ ತಿಂದಿದ್ದೇನೆ. ಸತ್ಯ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮೇಘನಾ ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗಿಳಿದು ನಮ್ಮ ಬೆಂಚಿನಲ್ಲೇ ಊಟ ಮಾಡುತ್ತಿದ್ದಳು. ಸಾಬರು ಒಮ್ಮೆ ಅವಳನ್ನು ವಿಚಾರಣೆಗೆ ತೆಗೆದುಕೊಂಡರು.

"ಮೇಡಮ್ಮ, ಅಭ್ಯಾಸ ಮೈಗೆ ಕೂತೋನು ನಿಮ್ಮ ಆ್ಯಪ್ ಏನ್ ಮಾಡ್ತಾನ?"

"ಇನ್ನು ಬೇಡ ಅಂತ ತೆಗೀತಾನೆ ಅಜ್ಜ."

"ಕೂರದೇ ಇದ್ದೋನು?"

"ನಾಚಿಕೆ ಆಗಿ ತೆಗೀತಾನೆ."

"ಮತ್ತೆ ಉಳಿಯೋರು ಯಾರವ್ವ?"

ಅವಳು ಡಬ್ಬಿಯ ಮುಚ್ಚಳ ಹಾಕುತ್ತ ನನ್ನತ್ತ ನೋಡಿದಳು. "ದೋಸೆ ತಿನ್ನೋರು," ಅಂದಳು.

ಹಾಗಾದರೆ ಲಾಭವೆಲ್ಲಿಂದ ಎಂದು ನಾನು ಕೇಳಿದೆ. ಅವಳು ತಾಳ್ಮೆಯಿಂದ ವಿವರಿಸಿದಳು. ಮೊದಲು ಜನ ಸೇರಬೇಕು. ಜನ ಸೇರಿದಷ್ಟೂ ಖರ್ಚು ಹೆಚ್ಚುತ್ತದೆ, ಅದನ್ನೇ ಬೆಳವಣಿಗೆ ಎನ್ನುತ್ತಾರೆ. ಬೆಳವಣಿಗೆ ತೋರಿಸಿದರೆ ಹಣ ಹೂಡುವವರು ಇನ್ನಷ್ಟು ಹೂಡುತ್ತಾರೆ. ಲಾಭ ಆಮೇಲೆ. ನನಗೆ ರೋಮಾಂಚನವಾಯಿತು. 'ಆಮೇಲೆ' ಎಂಬ ಪದವನ್ನು ನಾನು ನೌಕರಿಯುದ್ದಕ್ಕೂ ಬಳಸಿದವನು. ಅದರ ಮೇಲೆ ಹಣ ಹೂಡುವವರಿದ್ದಾರೆಂದು ಆಗ ಯಾರೂ ಹೇಳಲಿಲ್ಲ.

ಸಾಬರ ಕಾಜದ ಸಂಗತಿ ಮೇಘನಾಳ ಕಣ್ಣಿಗೆ ಬೀಳದೆ ಇರುತ್ತದೆಯೇ? ನಲವತ್ತು ವರ್ಷ ಒಂದು ದಿನವೂ ತಪ್ಪದ ಅಭ್ಯಾಸ ತನ್ನ ಕಂಪನಿಯ ಕೆಳಗೇ ಇದೆಯೆಂದು ತಿಳಿದದ್ದೇ ಅವಳು ಸಾಬರ ಫೋಟೋ ತೆಗೆಸಿ ಆ್ಯಪ್‌ನ ಮುಖಪುಟಕ್ಕೆ ಹಾಕಿದಳು. ಅವರ ಫೋನಿಗೂ ಆ್ಯಪ್ ಬಂತು. ಕಾಜ ಹಾಕಿ ಡಬ್ಬಿಗೆ ಸೇರಿಸಿದ ಮೇಲೆ ಅವರು ಹೆಬ್ಬೆರಳಿಂದ ಒತ್ತುವರು, ಫೋನು ಟಿಣ್ ಎನ್ನುವುದು. "ಮೇಡಮ್ಮಂಗೆ ಹಾಜರಿ ಹಾಕಿದೆ," ಎಂದು ಮಿಷನ್ನಿನ ಮುಸುಕು ತೆಗೆಯುವರು. ದೋಸೆಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ.

ಆ ಕಾಜ ಯಾತಕ್ಕೆಂದು ಅಷ್ಟು ದಿನ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಸಾಬರು ಕೆಲಸ ಕಲಿತದ್ದು ಸೊರಬದಲ್ಲಿ, ಒಬ್ಬ ಉಸ್ತಾದರ ಹತ್ತಿರ. ಉಸ್ತಾದರಿಗೆ ವಯಸ್ಸಾಗಿ ಕಣ್ಣು ಮಂಜಾದರೂ ಅದು ಅವರಿಗೆ ತಿಳಿಯಲಿಲ್ಲ. ಗಿರಾಕಿಗಳಿಗೆ ತಿಳಿಯಿತು. ಅವರೆದುರು ಹೊಗಳಿ ಬಟ್ಟೆ ಒಯ್ದು, ಪಕ್ಕದ ಬೀದಿಯಲ್ಲಿ ಕಾಜ ಬಿಚ್ಚಿಸಿ ಬೇರೆ ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ಉಸ್ತಾದರೇ ಆ ಬೀದಿಯಲ್ಲಿ ಹಾದುಹೋಗುತ್ತ, ತಮ್ಮ ಕೋಟು ಇನ್ನೊಬ್ಬನ ತೊಡೆಯ ಮೇಲಿರುವುದನ್ನು ಕಂಡರು. ಮರುದಿನದಿಂದ ಅಂಗಡಿಗೆ ಬರಲಿಲ್ಲ.

"ಜನ ಸುಳ್ಳು ಹೇಳ್ತಾರ್ರೀ, ಮರ್ಯಾದಿಗೆ," ಅಂದರು ಸಾಬರು. "ಕಾಜ ಹೇಳಂಗಿಲ್ಲ. ಸೊಟ್ಟ ಬಂದ ದಿನ ನಾನು ಮಿಷನ್ ಮುಚ್ತೀನಿ."

ಅಂದರೆ ನಾವೆಲ್ಲ ಭಕ್ತಿಯಿಂದ ನೋಡುತ್ತಿದ್ದ ಆ ಪೂಜೆ ಪೂಜೆಯಾಗಿರಲಿಲ್ಲ. ದಿನವೂ ಅವರು ತಮಗೆ ತಾವೇ ಇಟ್ಟುಕೊಳ್ಳುತ್ತಿದ್ದ ಪರೀಕ್ಷೆ. ಆ್ಯಪ್ ಹಾಜರಿ ಎಣಿಸುತ್ತಿತ್ತು. ಉತ್ತರಪತ್ರಿಕೆಯನ್ನು ಸಾಬರಲ್ಲದೆ ಯಾರೂ ತಿದ್ದುತ್ತಿರಲಿಲ್ಲ.

ಆ್ಯಪ್‌ನಲ್ಲಿ ಸಾಬರಿಗೆ ಮುನ್ನೂರು ದಿನ ತುಂಬುವ ಬೆಳಗ್ಗೆ ಅಂಗಡಿಯಲ್ಲಿ ಸಮಾರಂಭ. ಹಣ ಹೂಡುವ ಮಹನೀಯರು ಎಲ್ಲಿಂದಲೋ ವಿಡಿಯೋದಲ್ಲಿ ನೋಡುವವರಿದ್ದರು. ಅವರಿಗೆ ಮೆಚ್ಚಿಗೆಯಾದರೆ ಮುಂದಿನ ಕಂತು, ಇಲ್ಲವಾದರೆ ಕಂಪನಿಗೆ ಬೀಗ. ಮೇಘನಾ ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ. ಮೇಲಿನ ಕಂಪನಿಯಲ್ಲಿ ಕೆಲಸಕ್ಕಿದ್ದ ಮೂವರು ಹುಡುಗಿಯರು ಬಲೂನು ಕಟ್ಟಿದರು. ಸಾಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಿಂದಿ ಆರಿಸಿ, ಫೋನಿನ ಕಣ್ಣೆದುರು ಕಾಜಕ್ಕೆ ಕುಳಿತರು. ದಾರ ಪೋಣಿಸಲು ಮೂರು ಸಲ ಬೇಕಾಯಿತು. ಕ್ಯಾಮೆರಾದ ಸಂಕೋಚವೆಂದು ನಾನು ತಿಳಿದೆ.

ಮುಗಿದ ಕೂಡಲೇ, ಸಾಬರಿನ್ನೂ ಎದ್ದಿರಲಿಲ್ಲ, ಹುಡುಗಿಯೊಬ್ಬಳು ಅವರ ಹೆಬ್ಬೆರಳು ಹಿಡಿದು ಫೋನಿಗೆ ಒತ್ತಿದಳು. ಪರದೆಯ ಮೇಲೆ ಪಟಾಕಿ ಹಾರಿದವು, ತುತ್ತೂರಿ ಊದಿತು, ಕಿರೀಟವೊಂದು ಕೆಳಗಿಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಹನೀಯರು ಆ ಕಡೆಯಿಂದ ಸೂಪರ್ ಸೂಪರ್ ಎಂದರು. ಸಾಬರು ಎದ್ದು ಬಾಗಿಲಿಗೆ ಹೋಗಿ ತುಂಡನ್ನು ಬೆಳಕಿಗೆ ಹಿಡಿದರು. ಮೊಳೆಯ ಹಳೆಯ ಕೋಟಿನ ಗುಂಡಿಯನ್ನು ತೂರಿಸಿದರು. ತೂರಿತು. ಆದರೂ ಅವರು ತುಂಡನ್ನು ಡಬ್ಬಿಗೆ ಹಾಕಲಿಲ್ಲ.

ಗಮನಿಸಿದವಳು ಮೇಘನಾ ಒಬ್ಬಳೇ. ಫೋನನ್ನು ಹುಡುಗಿಯೊಬ್ಬಳ ಕೈಗೆ ಕೊಟ್ಟು ಸಾಬರ ಬಳಿ ಹೋದಳು.

"ಸೊಟ್ಟ ಬಂದೈತಿ ಮಗಳೆ."

ಅವಳು ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಯಾರಿಗೂ ಕಾಣಲ್ಲ ಅಜ್ಜ."

"ನನಗ ಕಂಡೈತಲ್ಲ."

ಒಳಗೆ ತುತ್ತೂರಿ ಇನ್ನೂ ಊದುತ್ತಿತ್ತು. ಅದನ್ನು ನಿಲ್ಲಿಸುವುದು ಯಾರಿಗೂ ತಿಳಿದಿರಲಿಲ್ಲ. ಸಾಬರು ಅಂದು ಮಿಷನ್ನಿನ ಮುಸುಕು ತೆಗೆಯಲಿಲ್ಲ. ಒಪ್ಪಿಕೊಂಡಿದ್ದ ಬಟ್ಟೆಗಳನ್ನು ಗಂಟು ಕಟ್ಟಿ, ಮುಂಗಡದ ಸಮೇತ, ಮನೆ ಮನೆಗೆ ತಾವೇ ಮುಟ್ಟಿಸಿ ಬಂದರು. ಆ ವಾರದಲ್ಲೇ ಸೊರಬದಲ್ಲಿರುವ ಮಗಳ ಮನೆಗೆ ಹೋದರು.

ಆ ವಿಡಿಯೋ ಮಹನೀಯರಿಗೆ ಬಹಳ ಮೆಚ್ಚಿಗೆಯಾಯಿತು. ಕಂತು ಬಂತು. ಒಂದು ಸೊಟ್ಟ ಕಾಜದ ಬಲದಿಂದ ಊರು ಇನ್ನೂ ಕೆಲವು ತಿಂಗಳು ದೋಸೆ ತಿಂದಿತು. ಆಮೇಲೊಂದು ಮಧ್ಯಾಹ್ನ ಮೇಘನಾ, ಮುಚ್ಚಿದ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು, ಕಂಪನಿ ಮುಚ್ಚುತ್ತಿದ್ದೇನೆ, ಉಳಿದ ಹಣ ವಾಪಸು ಕಳಿಸುತ್ತೇನೆ ಎಂದಳು. ಹಣ ಇರುವಾಗಲೇ ಯಾಕಮ್ಮ ಅಂದೆ. ದೋಸೆ ನಿಲ್ಲಿಸಿ ಒಂದು ವಾರ ನೋಡಿದೆ ಅಂಕಲ್, ಅಂದಳು. ಆ ವಾರ ಎಷ್ಟು ಜನ ಒತ್ತಿದರೆಂದು ನಾನು ಕೇಳಲಿಲ್ಲ. ನಾನೂ ಒತ್ತಿರಲಿಲ್ಲ. ಹಣ ವಾಪಸು ಬಂದದ್ದನ್ನು ಕಂಡು ಮಹನೀಯರು ಗಾಬರಿಯಾಗಿ, ಹುಡುಗಿಗೆ ಆರೋಗ್ಯ ಸರಿಯಿದೆಯೇ ಎಂದು ವಿಚಾರಿಸಿದರಂತೆ. ಅವಳೀಗ ಸೊರಬದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ.

ನಾನು ಸಾಬರನ್ನು ಕೊನೆಯ ಸಲ ನೋಡಿದ್ದು ಸೊರಬದಲ್ಲಿ, ಅವರ ಮಗಳ ಮನೆಯ ಜಗಲಿಯ ಮೇಲೆ. ಕಣ್ಣಿನ ಆಪರೇಷನ್ ಆಗಿತ್ತು, ಆದರೆ ಕೈ ನಡುಗುತ್ತಿತ್ತು. ಚಹಾ ಬಂತು. ಊರಿನ ಸುದ್ದಿಯೆಲ್ಲ ಕೇಳಿದ ಮೇಲೆ ನನ್ನ ಸರದಿ ಬಂತು.

"ವಾಕಿಂಗು ನಡದೈತೇನ್ರೀ?"

"ದಿನಾ ನಡೀತೀನಿ ಸಾಬ್ರೆ, ಒಂದು ದಿನಾನೂ ತಪ್ಸಿಲ್ಲ," ಅಂದೆ. ಕಾಯಿಲೆಯವರನ್ನು ನೋಡಲು ಹೋದಾಗ ಒಳ್ಳೆಯ ಸುದ್ದಿ ಹೇಳಬೇಕಷ್ಟೆ.

ಅವರು ಚಹಾ ಕೆಳಗಿಟ್ಟು ಕೈ ಚಾಚಿದರು. "ಎಲ್ಲಿ, ಬೂಟು ತೋರಿಸ್ರಿ."

ಎಡಗಾಲಿನದನ್ನು ಬಿಚ್ಚಿ ಕೊಟ್ಟೆ. ಅವರು ಅದನ್ನು ತಿರುಗಿಸಿ, ಅಡಿಯನ್ನು ಬೆಳಕಿಗೆ ಹಿಡಿದರು. ಆ ಬೂಟಿಗೆ ಆರು ವರ್ಷ. ಬೂಟಿನಂಗಡಿಯವನು ಅಡಿಗೆ ಅಂಟಿಸಿದ್ದ ಬೆಲೆಯ ಚೀಟಿ ಇನ್ನೂ ಅರ್ಧ ಉಳಿದಿತ್ತು. ಸಾಬರು, ಮದುಮಗನ ಕೋಟು ಒಪ್ಪಿಸುವಂತೆ, ಎರಡೂ ಕೈಯಲ್ಲಿ ಅದನ್ನು ನನಗೆ ಹಿಂದಿರುಗಿಸಿದರು.

ಮಳೆಗಾಲ ಕಳೆಯುವಷ್ಟರಲ್ಲಿ ಅವರು ತೀರಿಕೊಂಡರೆಂದು ಮೇಘನಾ ಫೋನು ಮಾಡಿದಳು.

ಈಗ ನಾನು ಕೆರೆ ಏರಿಯ ತುದಿಯವರೆಗೆ ಹೋಗಿ ಬರುತ್ತೇನೆ. ಎಷ್ಟು ದಿನವಾಯಿತೆಂದು ಬರೆದಿಟ್ಟಿಲ್ಲ. ಮನೆಗೆ ಬಂದು ಎಡಗಾಲಿನ ಬೂಟು ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಚೀಟಿ ಹೋಗಿದೆ. ಹಿಮ್ಮಡಿಯ ಹೊರ ಅಂಚು ಒಂದು ದಾರದಷ್ಟು ಸವೆದಿದೆ. ಸೊಟ್ಟ ಸವೆದಿದೆ, ನಿಜ. ನೋಡಿ ಹೇಳುವವರಿಲ್ಲ.