ಶರಾವತಿಗೆ ಬಿಟ್ಟ ತುಂಡು

ನನ್ನ ಮೊಣಕಾಲಿನ ಒಂದು ತುಂಡು ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯ ನೀರಿನಡಿ ಎಲ್ಲೋ ಇದೆ. ಮಗಳು ಬೇಡಿದ್ದಳು, ಕೊಡಲಿಲ್ಲ.

ಅವಳು ಪ್ರಯೋಗಾಲಯದಲ್ಲಿ ಕೀಲಿನ ಮೃದ್ವಸ್ಥಿ, ಅಂದರೆ ಮೂಳೆಯ ತುದಿಯ ಮೆತ್ತನೆ ಪದರ, ಬೆಳೆಸುವ ಕೆಲಸದಲ್ಲಿದ್ದಾಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಜೀವಕೋಶಗಳಿಗೆ ಉಣಿಸುತ್ತಾರಂತೆ. ತಟ್ಟೆಯ ಕೆಳಗೆ ಅಯಸ್ಕಾಂತವಿಟ್ಟರೆ ಅವು ಅದರತ್ತ ಸರಿದು ಪದರಪದರವಾಗಿ ಕೂರುತ್ತವೆ. ಮೈಗೆ ಸೇರಿಸಿದ ಮೇಲೂ ಸ್ಕ್ಯಾನಿಂಗ್‌ನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತವೆ.

ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಕೆಟ್ಟ ಸ್ಪೀಕರಿನ ಅಯಸ್ಕಾಂತವೇ ಅವಳ ಮೊದಲ ಆಟಿಕೆ. ಕಡಲ ದಂಡೆಯ ಕಪ್ಪು ಮರಳನ್ನು ಅದಕ್ಕೆ ಅಂಟಿಸಿಕೊಂಡು, "ಅಪ್ಪಾ, ಇದಕ್ಕೆ ಗಡ್ಡ ಬಂತು" ಎಂದು ಓಡಿ ಬರುತ್ತಿದ್ದಳು.

ನನ್ನ ಬಲ ಮೊಣಕಾಲಿಗೆ ಹೊಸ ಕೀಲು ಹಾಕುವ ದಿನ ಆಸ್ಪತ್ರೆಯಲ್ಲಿ ಕೇಳಿದಳು: "ಕೊಯ್ದು ತೆಗ್ದದ್ದು ಹ್ಯಾಗೂ ಬಿಸಾಡುದೇ. ನಂಗೆ ಕೊಡು ಅಪ್ಪಾ, ಅದ್ರ ಜೀವಕೋಶ ಬೇಕು. ಡಾಕ್ಟರ್ರು ಒಪ್ಪಿದ್ದಾರೆ."

ನಮ್ಮ ಮನೆಯಲ್ಲಿ ಮಕ್ಕಳ ಮೊದಲ ಕೂದಲನ್ನೂ ಹರಿಯುವ ನೀರಿಗೇ ಬಿಡುತ್ತೇವೆ. ಮೂಳೆ ಬೇರೆಲ್ಲೋ ಉಳಿದರೆ ಸತ್ತ ಮೇಲೂ ಕುಂಟುತ್ತ ಅಲೆಯಬೇಕಾದೀತೆಂದು ಹೆದರಿದೆ. "ಆಗೂದಿಲ್ಲ. ನೀರಿಗೆ ಬಿಡಬೇಕು," ಎಂದೆ.

ಅದೇ ಆಪರೇಷನ್ನಿಗೆ ಬಂದು ಎದುರು ಬೆಂಚಿನಲ್ಲಿ ಕೂತಿದ್ದ, ಭಟ್ಕಳದಲ್ಲಿ ಮೀನು ಮಾರುವ ಹೆಂಗಸು ನಕ್ಕಳು. "ಎಂತ ಒಡೆಯಾ, ಹಳೇ ಮೊಣಕಾಲು ಉಪ್ಪಿನಕಾಯಿ ಹಾಕೂಕಾ?" ಮಗಳತ್ತ ತಿರುಗಿದಳು. "ಮಗಾ, ನಂದು ತಕೋ. ಬುಟ್ಟಿ ಹೊತ್ತು ಗಟ್ಟಿಯಾದ ಕಾಲು."

ನಾನು ಮಾತ್ರ ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಕೇಳಿ ಪಡೆದೆ. ಮನೆಗೆ ಬರುವಾಗ ಸೇತುವೆಯ ಮೇಲೆ ಕಾರು ನಿಲ್ಲಿಸಿ ಶರಾವತಿಗೆ ಬಿಟ್ಟೆ. ನಾನು ಬೀಳದಂತೆ ತೋಳು ಹಿಡಿದು ನಿಂತವಳು ಮಗಳೇ.

ಮೊನ್ನೆ ರಜೆಗೆ ಬಂದವಳು ಫೋನಿನಲ್ಲಿ ಆ ಮೀನಿನವಳ ಜೀವಕೋಶಗಳನ್ನು ತೋರಿಸಿದಳು. ಮಸುಕು ಬೆಳಕಿನಲ್ಲಿ, ಸಂಜೆ ದೋಣಿಗಳು ದಡಕ್ಕೆ ತೇಲಿ ಬಂದಂತೆ, ಅವು ಒಂದೊಂದಾಗಿ ಅಯಸ್ಕಾಂತದತ್ತ ಬರುತ್ತಿದ್ದವು.

"ನಿನ್ನ ಕಾಲುನೋವು ಕಂಡೇ ಈ ಕೆಲ್ಸ ಹಿಡ್ದದ್ದು," ಎಂದಳು. "ನಿಂದೂ ಹೀಗೆ ನೋಡ್ಬೇಕಂತಿತ್ತು."

ಅಂದಿನಿಂದ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅಳಿವೆ ಕಾಣುತ್ತದೆ. ದಂಡೆಯಲ್ಲಿ ಅದೇ ಹಳೆಯ ಅಯಸ್ಕಾಂತ ಹಿಡಿದು ಕೂತಿರುತ್ತೇನೆ. ನೀರಿನಡಿಯಿಂದ ಏನೋ ಕಪ್ಪಗೆ, ಮೆಲ್ಲಗೆ ನನ್ನತ್ತ ಬರುತ್ತಿರುತ್ತದೆ. ಮುಟ್ಟುವ ಮೊದಲೇ ಎಚ್ಚರವಾಗುತ್ತದೆ.

ಕನಸನ್ನು ಅವಳಿಗೆ ಹೇಳಿದೆ.

"ಅದು ಬರೂದಿಲ್ಲ ಅಪ್ಪಾ," ಎಂದಳು. "ಅದಕ್ಕೆ ಕಬ್ಬಿಣ ಉಣ್ಸಿದವರು ಯಾರು?"

ಸವೆದ ಎಡ ಮೊಣಕಾಲನ್ನು ಮುಂದೆ ಚಾಚಿದೆ.

"ಇದೊಂದು ಉಳ್ದದೆ. ಕೊಯ್ದಾಗ ನೀನೇ ತಕೋ."

"ನೀರಿಗೆ ಬ್ಯಾಡ್ವಾ?"

"ಬ್ಯಾಡ."

ಅವಳು ಆ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಳು.