ಹನ್ನೆರಡು ತಿಂಗಳ ವಿಳಾಸ

ಸುಗಂಧಿಯಮ್ಮನ ಕಾಲುಗಳ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡ ಕೂಸುಗಳು ಎಷ್ಟೆಂದು ಅವರಿಗೇ ನೆನಪಿರಲಿಲ್ಲ. ಕಾಪುವಿನಲ್ಲಿದ್ದಾಗ ನೆರೆಕರೆಯ ಯಾವ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅವರೇ ಬೇಕಾಗಿತ್ತು. ಗಂಡ ಲೋಕಯ್ಯ ತೀರಿಕೊಂಡ ಮೇಲೆ ಮಗ ಅಕ್ಷತ್ ಗ್ರೀನ್ ಕಾರ್ಡ್ ಮಾಡಿಸಿ ಸ್ಯಾನ್ ಡಿಯಾಗೋಗೆ ಕರೆಸಿಕೊಂಡ. ಅಲ್ಲಿಯೂ ಅದೇ ಕೆಲಸ. ಸೊಸೆ ರಮ್ಯಶ್ರೀಯದು ಎರಡು ಬಾಣಂತನ, ಎರಡು ಗಂಟೆ ದಾರಿಯಾಚೆ ರೆಡೊಂಡೊ ಬೀಚ್ ಎಂಬ ಊರಿನಲ್ಲಿದ್ದ ಮಗಳು ಸುಪ್ರೀತಾಳದು ಒಂದು. ಬಾತ್‌ಟಬ್ಬಿನೊಳಗೆ ಒಂದು ಪ್ಲಾಸ್ಟಿಕ್ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಕಾಲು ಚಾಚಿ ಕೂತರೆ ಮುಗಿಯಿತು. ಎಣ್ಣೆ ಹಚ್ಚಿದ ಕೂಸು ಜಾರುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

ಹಾಗೆ ಆ ಎರಡು ಮನೆಗಳ ನಡುವೆ ಒಂದು ಕ್ರಮ ತಾನಾಗಿ ಬೆಳೆದಿತ್ತು. ಎಲ್ಲಿ ಕೈಗೂಸಿದೆಯೋ ಅಮ್ಮ ಅಲ್ಲಿ. ಕೂಸು ಎದ್ದು ನಡೆಯಲು ಕಲಿತರೆ ಅಮ್ಮನ ಸೂಟ್‌ಕೇಸು ಇನ್ನೊಂದು ಮನೆಗೆ. ನಿಮಗೆ ಎಲ್ಲಿ ಇರಬೇಕೆನಿಸುತ್ತದೆ ಎಂದು ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ತೊಂಬತ್ತಾರರ ಜನವರಿಯಲ್ಲಿ ಸುಪ್ರೀತಾಳಿಗೆ ಏಳನೇ ತಿಂಗಳು. ಅದೇ ಹೊತ್ತಿಗೆ ಸುಗಂಧಿಯಮ್ಮನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ವಯಸ್ಸು ಅರವತ್ತೆರಡು. ಸರ್ಕಾರದ ಮೆಡಿಕೇರ್ ಸಿಗಬೇಕಾದರೆ ಅರವತ್ತೈದು ತುಂಬಬೇಕು, ಗ್ರೀನ್ ಕಾರ್ಡ್ ಬಂದು ಐದು ವರ್ಷವೂ ಆಗಿರಬೇಕು. ಅಷ್ಟರವರೆಗೆ ಖಾಸಗಿ ಇನ್ಶೂರೆನ್ಸೇ ಗತಿ ಎಂದು ಅಕ್ಷತ್ ಮೂರು ಕಂಪನಿಗಳಿಂದ ಪುಸ್ತಕ ತರಿಸಿ, ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಚಾರ್ಟ್ ಮಾಡಿಕೊಂಡು ಬಂದ. ಮೂರು ಕಾಲಂ, ಹನ್ನೊಂದು ಸಾಲು.

ಭಾನುವಾರ ಮಧ್ಯಾಹ್ನ ಡೈನಿಂಗ್ ಟೇಬಲ್ಲಿನ ಮೇಲೆ ಚಾರ್ಟ್ ಹರಡಿತು. ಫೋನಿನ ಸ್ಪೀಕರಿನಲ್ಲಿ ಸುಪ್ರೀತಾ. ಮೇಜಿನ ಒಂದು ತುದಿಯಲ್ಲಿ ಸುಗಂಧಿಯಮ್ಮ ಮಗಳ ಬಾಣಂತಿ ಲೇಹ್ಯಕ್ಕೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮೊದಲನೇ ಪ್ಲಾನ್‌ನಲ್ಲಿ ಯಾವ ಊರಿನ ಯಾವ ಡಾಕ್ಟರ ಹತ್ತಿರ ಬೇಕಾದರೂ ಹೋಗಬಹುದು, ಆದರೆ ಕಂತು ದುಬಾರಿ. ಎರಡನೆಯದಕ್ಕೆ ಕಂತು ಅರ್ಧ, ಆದರೆ ಸ್ಯಾನ್ ಡಿಯಾಗೋ ಕೌಂಟಿಯೊಳಗಿನ, ಅಂದರೆ ಆ ಜಿಲ್ಲೆಯೊಳಗಿನ, ಅವರದೇ ಡಾಕ್ಟರು, ಅವರದೇ ಆಸ್ಪತ್ರೆ. ವರ್ಷದ ಹನ್ನೆರಡು ತಿಂಗಳೂ ಆ ಕೌಂಟಿಯಲ್ಲೇ ವಾಸವಿರಬೇಕು. ಮೂರನೆಯದು ಆಸ್ಪತ್ರೆಗೆ ಸೇರಿದರೆ ಮಾತ್ರ.

ಕಂಪನಿಯವರು ರಕ್ತ, ಮೂತ್ರ, ಹಳೆಯ ಕಾಯಿಲೆ ಎಲ್ಲವನ್ನೂ ಕೇಳುತ್ತಾರೆ ಎಂದು ಅಕ್ಷತ್ ವಿವರಿಸಿದ. ರಮ್ಯಶ್ರೀಗೆ ನಗು ಬಂತು.

"ಹಳೇ ಕಾರ್ ತಗೊಳ್ಳೋವಾಗ ಬಾನೆಟ್ ಎತ್ತಿ ನೋಡ್ತಾರಲ್ಲ, ಹಾಗೆ ಅತ್ತೆ. ನಿಮ್ದು ಮೈಲೇಜ್ ಜಾಸ್ತಿ ಆಗಿದೆ."

ಎಲ್ಲರೂ ನಕ್ಕರು. ಸುಗಂಧಿಯಮ್ಮನೂ ನಕ್ಕರು. ಆ ಮೈಲೇಜಿನಲ್ಲಿ ನಿನ್ನ ಎರಡು ಬಾಣಂತನವೂ ಸೇರಿದೆ ಎಂದು ಅವರಿಗೆ ಹೊಳೆದಿತ್ತು, ಆದರೆ ಹೇಳುವ ಅಭ್ಯಾಸವಿರಲಿಲ್ಲ.

ಮೊದಲನೆಯದನ್ನು ತಗೊಂಡರೆ ಖರ್ಚನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂದ ಅಕ್ಷತ್. ಮನೆ ಕೊಂಡು ಇನ್ನೂ ವರ್ಷವಾಗಿಲ್ಲ ಎಂದಳು ಸುಪ್ರೀತಾ. ಆಮೇಲೆ ಅವಳೇ ಇತ್ಯರ್ಥ ಮಾಡಿದಳು.

"ಎರಡನೇದು ತಗೋ ಅಣ್ಣ. ಪ್ಲಾನ್ ನಿಮ್ಮೂರಿದೇ ಇರ್ಲಿ, ಅಮ್ಮ ಮಾತ್ರ ಮಾರ್ಚಿಂದ ನಂಗೆ ಬೇಕು."

"ನಾನು ಅಲ್ಲಿದ್ದಾಗ ಎಂತಾದ್ರೂ ಆದ್ರೆ?" ಎಂದು ಸುಗಂಧಿಯಮ್ಮ ಕೇಳಿದರು.

"ಎಂತ ಆಗ್ಲಿಕ್ಕುಂಟು ಅಮ್ಮ?" ಎಂದ ಅಕ್ಷತ್. "ಆದ್ರೆ ಎರಡು ಗಂಟೆ ದಾರಿ, ಇಲ್ಲಿಗೇ ಬಂದ್ರಾಯ್ತು. ಯಾರಾದ್ರೂ ಕೇಳಿದ್ರೆ ನಾನು ಸ್ಯಾನ್ ಡಿಯಾಗೋದವಳು ಅಂತ್ಲೇ ಹೇಳು. ಇಲ್ಲಾಂದ್ರೆ ಪಾಲಿಸಿ ಕ್ಯಾನ್ಸಲ್ ಮಾಡ್ತಾರೆ."

ಹನ್ನೆರಡು ತಿಂಗಳೂ ವಾಸವೇ ಎಂಬ ಪ್ರಶ್ನೆಗೆ ಅಕ್ಷತ್ ಹೌದು ಎಂದು ಗುರುತು ಹಾಕಿದ. ಬೆಳ್ಳುಳ್ಳಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಸುಗಂಧಿಯಮ್ಮ ಕನ್ನಡದಲ್ಲಿ ಸಹಿ ಹಾಕಿದರು.

ಮಾರ್ಚಿನಲ್ಲಿ ಸುಪ್ರೀತಾಳಿಗೆ ಗಂಡುಮಗುವಾಯಿತು. ಹೆರಿಗೆಯಾಗಿ ಹದಿನೆಂಟನೆಯ ದಿನ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸುಗಂಧಿಯಮ್ಮ ಟಬ್ಬಿನಲ್ಲಿ ಕಾಲು ಚಾಚಿ ಕೂತು ಕೂಸಿನ ಬೆನ್ನಿಗೆ ನೀರು ಹುಯ್ಯುತ್ತಿದ್ದರು. ಎಡತೋಳಿನಿಂದ ಹೊರಟ ನೋವು ದವಡೆಯವರೆಗೆ ಬಂತು. ಎದೆಯ ಮೇಲೆ ಯಾರೋ ಒನಕೆ ಇಟ್ಟು ಕೂತಂತಾಯಿತು. ಅವರು ಮೊದಲು ಕೂಸನ್ನು ಟವೆಲಿನಲ್ಲಿ ಸುತ್ತಿದರು, ನೆತ್ತಿ ಒರೆಸಿದರು, ಆಮೇಲೆ ಮಗಳನ್ನು ಕರೆದರು.

ಆಸ್ಪತ್ರೆ ಅಲ್ಲಿಂದ ಐದು ನಿಮಿಷದ ದಾರಿ. ಮಗು ಹುಟ್ಟಿದ್ದೂ ಅದರಲ್ಲೇ. ಸುಪ್ರೀತಾ ಅಲ್ಲಿಗೆ ಫೋನ್ ಮಾಡಲಿಲ್ಲ, ಅಣ್ಣನಿಗೆ ಮಾಡಿದಳು. ಅಲ್ಲಿ ಸೇರಿಸಿದರೆ ವಿಳಾಸ ಕೇಳುತ್ತಾರೆ, ಎಷ್ಟು ದಿನದಿಂದ ಇದ್ದೀರಿ ಎನ್ನುತ್ತಾರೆ, ಪಾಲಿಸಿಯೂ ಹೋಗಿ ಸಾವಿರಗಟ್ಟಲೆ ಬಿಲ್ ತಲೆ ಮೇಲೆ ಬೀಳುತ್ತದೆ, ಇಲ್ಲಿಗೇ ಕಳಿಸು ಎಂದ ಅಕ್ಷತ್. ಅಮ್ಮ ಮಾತಾಡುತ್ತಿದ್ದಾಳಲ್ಲ, ಗ್ಯಾಸಿನ ನೋವೇ ಇರಬೇಕು ಎಂದೂ ಸೇರಿಸಿದ. ಅಳಿಯ ಗುರುಕಿರಣ್ ಆಫೀಸಿನಿಂದ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅವನಿಗೆ ಕೆಲಸ ಬಿಡಿಸಬೇಕಾಯಿತಲ್ಲ ಎಂದು ಸುಗಂಧಿಯಮ್ಮ ಕಾರು ಹತ್ತುವಾಗ ಸಂಕೋಚಪಟ್ಟರು.

ಫ್ರೀವೇಯಲ್ಲಿ ಆಸ್ಪತ್ರೆಯಿರುವ ಕಡೆಯೆಲ್ಲ ನೀಲಿ ಹಲಗೆಯ ಮೇಲೆ ಬಿಳಿ ಎಚ್ ಅಕ್ಷರ ಇರುತ್ತದೆ. ಸೀಟು ಹಿಂದಕ್ಕೆ ವಾಲಿಸಿ ಮಲಗಿದ್ದ ಸುಗಂಧಿಯಮ್ಮ ಅವನ್ನು ಎಣಿಸಿದರು. ಲಾಂಗ್ ಬೀಚ್ ದಾಟುವುದರೊಳಗೆ ನಾಲ್ಕು. ಸೀರೆಯ ಕೆಳಗಂಚು ಇನ್ನೂ ಕೂಸಿನ ಮೀಯುವ ನೀರಿನಿಂದ ಒದ್ದೆಯಾಗಿತ್ತು. ಏಳನೆಯ ಹಲಗೆ ಕಂಡಾಗ ಬಾಯಿಬಿಟ್ಟು ಕೇಳಿದರು.

"ಇಲ್ಲೊಂದು ಉಂಟಲ್ಲ. ನಿಲ್ಲಿಸ್ಲಿಕ್ಕೆ ಆಗ್ತದಾ?"

ಗುರುಕಿರಣ್ ಬಲಗಡೆಯ ಲೇನಿಗೆ ಬಂದ, ವೇಗ ಇಳಿಸಿದ. ಎಕ್ಸಿಟ್ಟಿನ ಬಾಯಿ ತೆರೆದುಕೊಂಡಿತು. ಹಾಗೇ ಹಿಂದೆ ಸರಿಯಿತು.

"ಇನ್ನು ಒಂದೇ ಗಂಟೆ ಅತ್ತೆ. ಸ್ವಲ್ಪ ತಡ್ಕೊಳಿ. ಇಲ್ಲಿ ಹೋದ್ರೆ ಅಕ್ಷತ್ ನನ್ನ ಬಿಡಲ್ಲ."

ಆಮೇಲೆ ಅವರು ಕೇಳಲಿಲ್ಲ. ಬಲಕ್ಕೆ ಕಡಲು ಬಂದು ಜೊತೆಗೂಡಿತು. ಹೆರಿಗೆಯಲ್ಲಿ ಬೆವರುವ ಹೆಂಗಸರಿಗೆ ತಾವು ಎಷ್ಟು ಸಲ ಅಂದಿದ್ದರೋ ಅದೇ ಮಾತು, ಸ್ವಲ್ಪ ತಡ್ಕೊ. ಡೆಲ್ ಮಾರ್ ಏರು ಹತ್ತುವಾಗ ಎಣಿಕೆ ತಪ್ಪಿಹೋಯಿತು.

ಸ್ಯಾನ್ ಡಿಯಾಗೋದ ಆಸ್ಪತ್ರೆಯ ಬಾಗಿಲಲ್ಲಿ ಅಕ್ಷತ್ ಇನ್ಶೂರೆನ್ಸ್ ಕಾರ್ಡ್ ಹಿಡಿದು ನಿಂತಿದ್ದ. ಕೌಂಟರಿನ ಹೆಂಗಸು ಎಲ್ಲಿಂದ ಬಂದಿರೆಂದು ಕೇಳಿದಳು. ಗುರುಕಿರಣ್‌ಗೆ ಅಕ್ಷತ್ ಫೋನಿನಲ್ಲಿ ಕಲಿಸಿಕೊಟ್ಟಿದ್ದ ಸುಳ್ಳು ನೆನಪಾಗಲಿಲ್ಲ, ರೆಡೊಂಡೊ ಬೀಚ್ ಎಂದುಬಿಟ್ಟ. ಅವಳು ಪೆನ್ನು ಕೆಳಗಿಟ್ಟಳು. ಅಷ್ಟೂ ದಾರಿ ಯಾಕೆ ಬಂದಿರಿ, ತುರ್ತಿಗೆ ಈ ಪ್ಲಾನ್‌ನಲ್ಲಿ ಯಾವ ಊರಿನ ಆಸ್ಪತ್ರೆಯಾದರೂ ಆಗುತ್ತದೆ, ಮಗಳ ಮನೆಗೆ ಹೋದವರಿಗೆ ಕಾಯಿಲೆ ಬರಬಾರದೆಂದು ಯಾರೂ ಬರೆದಿಲ್ಲ, ಪುಸ್ತಕ ತೆರೆದರೆ ಮೊದಲು ಕಾಣುವುದೇ ಅದು ಎಂದಳು. ಸ್ಟ್ರೆಚರಿನ ಮೇಲಿದ್ದ ಸುಗಂಧಿಯಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು.

ಮೊದಲ ಗಂಟೆಯಲ್ಲೇ ತಂದಿದ್ದರೆ ರಕ್ತದ ಹೆಪ್ಪು ಕರಗಿಸಿ ಹೃದಯದ ಬಹುಭಾಗ ಉಳಿಸಬಹುದಿತ್ತು ಎಂದರು ಡಾಕ್ಟರು. ಈಗ ಉಳಿದದ್ದು ಅರ್ಧ. ಐದು ಪೌಂಡಿಗಿಂತ ಭಾರದ್ದೇನನ್ನೂ ಎತ್ತಬಾರದು. ಸುಪ್ರೀತಾಳ ಕೂಸು ಆಗಲೇ ಒಂಬತ್ತು ಪೌಂಡ್ ಇತ್ತು.

ಮೂರನೆಯ ದಿನ ಸುಗಂಧಿಯಮ್ಮ ಮಗನನ್ನು ಕೇಳಿದ್ದು ಒಂದೇ.

"ಆ ತುರ್ತಿನ ಸಾಲು ನಿನ್ನ ಚಾರ್ಟಲ್ಲಿ ಇರ್ಲಿಲ್ವಾ?"

ಅಕ್ಷತ್ ಕಿಟಕಿಯ ಕಡೆ ನೋಡಿದ. ಮೂರೂ ಪ್ಲಾನ್‌ಗಳಲ್ಲಿ ಅದು ಒಂದೇ ತರ ಇತ್ತು, ಹೋಲಿಸಲಿಕ್ಕೆ ಏನೂ ಇರಲಿಲ್ಲ, ಅದಕ್ಕೇ ಬಿಟ್ಟೆ ಎಂದ.

ಅಲ್ಲಿಂದ ಸೂಟ್‌ಕೇಸು ರೆಡೊಂಡೊ ಬೀಚಿಗೆ ಹೋಗಲಿಲ್ಲ. ಸುಪ್ರೀತಾ ಮೊದಮೊದಲು ದಿನಾ ಫೋನ್ ಮಾಡಿ ಅಳುತ್ತಿದ್ದಳು, ಆಮೇಲೆ ಭಾನುವಾರಕ್ಕೊಮ್ಮೆ. ಮುಂದಿನ ಜನವರಿಯಲ್ಲಿ ಪಾಲಿಸಿ ನವೀಕರಣದ ಕಾಗದ ಬಂತು. ಹನ್ನೆರಡು ತಿಂಗಳೂ ಇಲ್ಲೇ ವಾಸವೇ ಎಂಬ ಸಾಲನ್ನು ರಮ್ಯಶ್ರೀ ಓದಿ ಹೇಳಿದಳು.

"ಈ ವರ್ಷ ಸುಳ್ಳು ಬರೀಬೇಕಾಗಿಲ್ಲ ಬಿಡಿ ಅತ್ತೆ."

ಅಂದ ಮೇಲೆ ಅವಳಿಗೇ ಹೇಗೋ ಆಗಿ, ಚಹಾ ಇಡಲು ಎದ್ದುಹೋದಳು. ಅಷ್ಟರಲ್ಲಿ ಸುಪ್ರೀತಾಳ ಫೋನ್. ಮಗು ನೋಡಿಕೊಳ್ಳಲು ಬೆಂಗಳೂರಿನಿಂದ ಅವಳ ಅತ್ತೆ ನಿರುಪಮಾ ಬರುತ್ತಾರಂತೆ, ವಯಸ್ಸು ಅರವತ್ತನಾಲ್ಕಂತೆ, ಅಣ್ಣನ ಆ ಚಾರ್ಟ್ ಇದ್ದರೆ ಫ್ಯಾಕ್ಸ್ ಮಾಡಬೇಕಂತೆ.

ಅಕ್ಷತ್ ಡ್ರಾಯರಿನಿಂದ ಹಾಳೆ ತೆಗೆದ. ಹನ್ನೊಂದು ಸಾಲಿನದೇ.

"ಹನ್ನೆರಡನೇ ಸಾಲು ಬರ್ದು ಕಳ್ಸು," ಎಂದರು ಸುಗಂಧಿಯಮ್ಮ. "ಪಾಪ, ಅವರಿಗೆ ಎರಡು ಗಂಟೆ ಕಾರಲ್ಲಿ ಕೂತ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ."

ಅವನು ಪೆನ್ನು ಹುಡುಕಿದ. ಅದು ಅಮ್ಮನ ಕೈಯಲ್ಲಿತ್ತು. ನವೀಕರಣದ ಕಾಗದದ ಮೇಲೆ ತಮ್ಮ ಸಹಿಯನ್ನು ನಿಧಾನವಾಗಿ ಮುಗಿಸಿ, ಅವರು ಅದನ್ನು ಮಗನ ಕಡೆಗೆ ಸರಿಸಿದರು.